ಎಡಗಡೆಯ ಕನ್ನಡಿ

ಜನವರಿ ೯, ಮಂಗಳವಾರ

ಇವತ್ತೂ ಲೇಟು. ಹಾಸ್ಟೆಲ್ ಬಾತ್‌ರೂಮಿನ ಮುಂದೆ ಬಕೆಟ್‌ಗಳ ಸಾಲು. ಒದ್ದೆ ತಲೆಯಲ್ಲೇ ವಾರ್ಡಿಗೆ ಓಡಿದೆ. ಗೈಡ್ ಮೇಡಂ ಗಡಿಯಾರ ನೋಡಲಿಲ್ಲ, ನನ್ನ ತಲೆ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಆಕ್ಯುಪೇಷನಲ್ ಥೆರಪಿ ಎಂ.ಎಸ್ಸಿ., ಕೊನೆಯ ಪೋಸ್ಟಿಂಗ್. ಹೊಸ ಪೇಷೆಂಟ್ ಕೊಟ್ಟಿದ್ದಾರೆ. ಸ್ಕೂಲ್ ವ್ಯಾನ್ ಓಡಿಸುತ್ತಿದ್ದವಳು. ಮಕ್ಕಳೆಲ್ಲ ವ್ಯಾನಕ್ಕ ಎನ್ನುತ್ತಿದ್ದರಂತೆ, ಈಗ ವಾರ್ಡಿನಲ್ಲೂ ಅದೇ ಹೆಸರು. ಹೆರಿಗೆಯಾದ ಮಾರನೇ ದಿನ ಮಿದುಳಿನಲ್ಲಿ ರಕ್ತಸ್ರಾವ. ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಮುಕ್ಕಾಲುಪಾಲು ಮರಳಿವೆ. ಮರಳದೇ ಇರುವುದು ಬೇರೆ — ಅವಳಿಗೆ ಎಡಗಡೆ ಎಂಬುದೇ ಇಲ್ಲ. ಕಣ್ಣು ಸರಿಯಾಗಿದೆ, ಮಿದುಳು ಆ ಕಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ.

ಮಧ್ಯಾಹ್ನ ತಟ್ಟೆಯ ಬಲಭಾಗದ ಅನ್ನ ಮುಗಿಸಿ ಆಯಾಳ ಮೇಲೆ ರೇಗಿದಳು. "ಬಾಣಂತಿಗೆ ಇಷ್ಟು ಸಾಕೇನ್ರೀ? ಗುಬ್ಬಿಗೆ ಹಾಕಿದ ಹಾಗೆ ಹಾಕಿದೀರ!"

ತಟ್ಟೆ ತಿರುಗಿಸಿಟ್ಟೆ. ಮಿಕ್ಕ ಅನ್ನ ಬಲಗಡೆಗೆ ಬಂತು.

"ನೋಡಿದ್ಯಾ, ಬೈದ ಮೇಲೇ ಬಡಿಸೋದು" ಅಂದಳು.

ನಗು ಬಂತು. ಅವಳು ನಗುತ್ತಿಲ್ಲ ಎಂದು ಆಮೇಲೆ ಗೊತ್ತಾಯಿತು.

ಜನವರಿ ೧೭

ನಮ್ಮ ವಿದ್ಯೆಯಲ್ಲಿ ಮೊದಲು ಕೇಳುವುದು ಏನು ನೋವು ಎಂದಲ್ಲ, ಏನು ಮಾಡಲು ಆಸೆ ಎಂದು. ಕೆಲವರು ಅಂಗಿಯ ಗುಂಡಿ ಎನ್ನುತ್ತಾರೆ. ಕೆಲವರು ಬ್ಯಾಂಕಿನ ಸಹಿ. ವ್ಯಾನಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ.

"ಮಗೂಗೆ ನಾನೇ ಸ್ನಾನ ಮಾಡಿಸ್ಬೇಕು, ಡಾಕ್ಟ್ರಮ್ಮ."

"ಡಾಕ್ಟ್ರಲ್ಲಕ್ಕ, ಥೆರಪಿಸ್ಟು. ಅದೂ ಇನ್ನೂ ಅರ್ಧ."

"ನಂಗೂ ಅರ್ಧಾನೇ ಕಾಣೋದಂತೆ. ಒಳ್ಳೆ ಜೋಡಿ ಬಿಡು."

ಬಟ್ಟೆಯ ಗೊಂಬೆಯೊಳಗೆ ಮರಳು ತುಂಬಿ ಹೊಲಿದೆ, ಕೈಗೆ ಮಗುವಿನ ಭಾರ ಸಿಗಲಿ ಎಂದು. ಟಬ್ಬಿನ ಎಡ ಅಂಚಿಗೆ ಕೆಂಪು ಟೇಪು. ಅದು ಕಾಣುವವರೆಗೂ ಕತ್ತು ತಿರುಗಿಸಬೇಕು. ತಿರುಗಿಸುತ್ತಾಳೆ, ಹೇಳಿದರೆ. ಹೇಳದಿದ್ದರೆ ಗೊಂಬೆಯ ಬಲಗಾಲು, ಬಲಗೈ ಫಳಫಳ. ಎಡಗಡೆ ನೀರೇ ಸೋಕಿರುವುದಿಲ್ಲ.

ಜನವರಿ ೨೮, ಭಾನುವಾರ

ಮನೆಗೆ ವಿಡಿಯೋ ಕಾಲ್. ಮಗಳು ಆಟದ ನಡುವೆ ಬಂದು ಹಣೆ ಮಾತ್ರ ತೋರಿಸಿ ಓಡಿದಳು. ಬೆಳೆದಿದ್ದಾಳೆ... ಹಣೆಯಲ್ಲೇ ಗೊತ್ತಾಗುತ್ತದೆ. ಅತ್ತೆ ಅಂದರು, "ಓದೋ ಕಡೆ ಗಮನ ಕೊಡಮ್ಮ. ಅವಳು ಆರಾಮಾಗಿದಾಳೆ. ನಿನ್ನ ನೆನಪೇ ಮಾಡ್ಕೊಳಲ್ಲ."

ಸಮಾಧಾನಕ್ಕೆ ಹೇಳಿದ್ದು. ಗೊತ್ತು.

ಫೆಬ್ರವರಿ ೧೩

ಹೊಳೆಯಿತು! ಎಷ್ಟು ದಿನದಿಂದ ಕೆಂಪು ಟೇಪು, ಕೆಂಪು ಟೇಪು ಎಂದು ಜೀವ ತಿನ್ನುತ್ತಿದ್ದೆ. ಇವತ್ತು ಸುಮ್ಮನೆ ಕೇಳಿದೆ, ವ್ಯಾನ್ ತೆಗೆಯುವ ಮೊದಲು ಏನು ಮಾಡುತ್ತಿದ್ದಿರಿ ಎಂದು.

"ಎಡ ಕನ್ನಡಿ, ಬಲ ಕನ್ನಡಿ, ಹಿಂದಿನ ಕನ್ನಡಿ. ಯಾವ ಮಗು ಚಕ್ರದ ಹತ್ರ ನಿಂತಿರತ್ತೋ ಯಾರಿಗ್ಗೊತ್ತು."

"ಹಂಗಾದ್ರೆ ಈಗ್ಲೂ ಅದನ್ನೇ ಮಾಡಿ. ಏನು ಮುಟ್ಟೋ ಮುಂಚೇನೂ ಎಡ ಕನ್ನಡಿ."

"ಎಡ ಕನ್ನಡಿ" ಎಂದು ಬಾಯಿಬಿಟ್ಟು ಹೇಳಿದಳು. ಕತ್ತು ತಾನಾಗಿ ತಿರುಗಿತು. ಪೂರ್ತಿ ತಿರುಗಿತು! ಗೊಂಬೆಯ ಎಡಗೈ ಕಂಡಿತು. ಅದನ್ನು ಎತ್ತಿ ತೊಳೆದಳು, ಬೆರಳು ಬೆರಳಿನ ಸಂದಿ ಬಿಡಿಸಿ. ಮರಳು ತುಂಬಿದ ಬೆರಳು. ಮೇಡಂ ಬಾಗಿಲಲ್ಲಿ ನಿಂತು ನೋಡಿದರು. ಮುಗಿಯುವವರೆಗೂ ಹೋಗಲಿಲ್ಲ.

ಹಾಸ್ಟೆಲ್ಲಿಗೆ ನಡೆದು ಬರುವಾಗ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಫೆಬ್ರವರಿ ೨೭

ಅವಳ ಗಂಡ ಕಾರಿಡಾರಿನಲ್ಲಿ ತಡೆದ. ಪ್ರೆಸ್ಸಿನಲ್ಲಿ ಕೆಲಸ. ಮಗುವಿನ ಬಟ್ಟೆಯ ಚೀಲ ಹೆಗಲಲ್ಲೇ ಇರುತ್ತದೆ, ಇಳಿಸುವುದನ್ನೇ ಮರೆತವನ ಹಾಗೆ.

"ಮೇಡಂ, ಇನ್ನು ರಜ ಕೊಡಲ್ಲ ಅಂದ್ರು. ನಮ್ಮಮ್ಮ ಇಲ್ಲ. ಇವಳಮ್ಮ ಹಾಸಿಗೆ ಹಿಡಿದಿದಾರೆ. ನಮ್ಮಕ್ಕ ಬೇರೆ ಊರಲ್ಲಿದಾಳೆ, ಮಗೂನ ಕರ್ಕೊಂಡು ಹೋಗಿ ಸಾಕ್ತೀನಿ ಅಂತಾಳೆ. ಹಗಲು ಹೊತ್ತು ಇವಳೊಬ್ಬಳೇ ನೋಡ್ಕೋಬಹುದು ಅಂತ ನೀವು ಒಂದು ಮಾತು ಹೇಳಿದ್ರೆ..."

"ಪರೀಕ್ಷೆ ಮಾಡಿ ಹೇಳ್ತೀವಿ."

"ಇವಳಿಗೆ ಇದಿನ್ನೂ ಹೇಳಿಲ್ಲ" ಅಂದ.

ಮಾರ್ಚ್ ೫

ಡಿಪಾರ್ಟ್‌ಮೆಂಟಿನ ತುದಿಯಲ್ಲಿ ಮನೆಯ ಹಾಗೆ ಜೋಡಿಸಿದ ಕೋಣೆಯಿದೆ. ಮಂಚ, ಒಲೆ, ಸಿಂಕು, ಕರೆಗಂಟೆ. ಇವತ್ತು ಅಲ್ಲಿ ನಿಜವಾದ ಮಗು. ಗಂಡ ಹೊರಗಿನ ಬೆಂಚಿನಲ್ಲಿ, ಮೇಡಂ ಕಿಟಕಿಯ ಹತ್ತಿರ, ನಾನು ಅವಳ ಎಡಕ್ಕೆ. ಬಾಯಿ ಬಿಡಬಾರದು ಎಂದು ಮೇಡಂ ಮೊದಲೇ ಹೇಳಿದ್ದರು.

ಎಡ ಕನ್ನಡಿ ಅಂದಳು. ನೀರು ನೋಡಿದಳು. ಮಗುವನ್ನು ಇಳಿಸಿದಳು. ಏನೋ ಗುನುಗುತ್ತಾ ಎರಡು ಕೈ, ಎರಡು ಕಾಲು, ಎರಡೂ ಕಿವಿಯ ಹಿಂದೆ. ಒಂದನ್ನೂ ಬಿಡಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಮಗುವನ್ನು ಒರೆಸಿ ಮಂಚದ ಮೇಲೆ, ತನ್ನ ಎಡಕ್ಕೆ ಮಲಗಿಸಿದಳು.

ಆಗ ಮೇಡಂ ಕರೆಗಂಟೆ ಒತ್ತಿದರು. ಮನೆಯಲ್ಲಿ ಗಂಟೆ ಬಡಿಯದೇ ಇರುತ್ತದೆಯೇ.

ಬಲಕ್ಕೆ ತಿರುಗಿ "ಬಂದೆ" ಅಂದಳು. ಯಾರೂ ಇಲ್ಲ. ಬಲಗಡೆ ಟವೆಲ್ ಕಂಡಿತು, ಮಡಿಸಿದಳು. ಮಗುವಿನ ಅಂಗಿ ಕಂಡಿತು, ಅದನ್ನೂ ಮಡಿಸಿದಳು. ಅಚ್ಚುಕಟ್ಟಾಗಿ, ಕೈಯಿಂದ ಒತ್ತಿ ಒತ್ತಿ. ಕೂತಳು. ಕೆಲಸ ಮುಗಿಸಿದವರ ನಿಟ್ಟುಸಿರು.

ಮಗು ಕಾಲು ಒದೆಯುತ್ತಾ ಅಂಚಿಗೆ ಸರಿಯುತ್ತಿತ್ತು. ನನ್ನ ಎರಡು ಕೈ ಕೆಳಗೆ ಚಾಚಿದ್ದೆ. ಕಾಯುತ್ತಿದ್ದೆ. ತಿರುಗು, ಅಕ್ಕ, ತಿರುಗು...

ಮಗು ಅತ್ತಿತು. ಬೆಚ್ಚಿ ಎದ್ದಳು. ಬಲಗಡೆ ಹುಡುಕಿದಳು. ಟವೆಲ್ ಬಿಡಿಸಿ ನೋಡಿದಳು, ಮಂಚದ ಬಲಗಡೆ ಬಗ್ಗಿ ನೋಡಿದಳು. ಅಳು ಜೋರಾದಷ್ಟೂ ಬಲಕ್ಕೆ, ಇನ್ನೂ ಬಲಕ್ಕೆ.

"ಮಗು ಎಲ್ಲಿ? ಎಲ್ಲಿಟ್ರಿ ನನ್ನ ಮಗೂನ?"

ಎತ್ತಿಕೊಂಡೆ. ಅಷ್ಟೇ ನನ್ನಿಂದಾದದ್ದು.

ಮಾರ್ಚ್ ೬

ಮೇಡಂ ಹತ್ತಿರ ವಾದಿಸಿದೆ. ಇನ್ನೂ ಆರು ವಾರ ಕೊಡಿ ಅಂದೆ. ಗಂಟೆ ಒತ್ತಿದ್ದೇ ಅನ್ಯಾಯ ಅಂದೆ. ಪೂರ್ತಿ ಕೇಳಿಸಿಕೊಂಡು ಅಂದರು,

"ಅವಳಿಗೆ ಎಷ್ಟು ಪ್ರೀತಿ ಇದೆ ಅಂತ ನಾವು ನೋಡ್ತಿಲ್ಲ ಕಣೇ. ಅದರಲ್ಲಿ ಅವಳು ಯಾವತ್ತೋ ಪಾಸು. ಆ ಮನೇಲಿ ನೀನು ಎಡಗಡೆ ನಿಂತಿರ್ತೀಯಾ?"

ಹಗಲಿಗೆ ಯಾರಾದರೂ ಜೊತೆಗೆ ಸಿಗುತ್ತಾರಾ ಎಂದು ಗಂಡನೊಡನೆ ಕೂತು ಫೋನ್ ಮಾಡಿಸಿದೆ. ಪಕ್ಕದ ಮನೆ, ಅವನ ಚಿಕ್ಕಮ್ಮ, ವ್ಯಾನಿನ ಮಾಲೀಕನ ಹೆಂಡತಿ. ಎಲ್ಲರಿಗೂ ಅಯ್ಯೋ ಪಾಪ. ಎಲ್ಲರಿಗೂ ಅವರವರ ಮನೆ.

ಮಾರ್ಚ್ ೧೧

ನಾನೇ ಹೇಳುತ್ತೇನೆ ಎಂದಿದ್ದೆ. ಹೇಳಿದೆ.

"ಅಕ್ಕ, ಒಬ್ಬರೇ ಮಗು ನೋಡ್ಕೊಳ್ಳೋಕೆ ಈಗ ಆಗಲ್ಲ."

"ಈಗ ಅಂದ್ರೆ?"

"ಯಾವಾಗ ಆಗತ್ತೆ ಅಂತ ಗೊತ್ತಿಲ್ಲ."

ಮಗುವನ್ನು ತನ್ನ ಅಕ್ಕ ಕರೆದೊಯ್ಯುವ ಸುದ್ದಿ ಗಂಡ ಹೇಳಿದ. ಗೋಡೆ ನೋಡುತ್ತಾ ಹೇಳಿದ.

ವ್ಯಾನಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. "ಊರ ಮಕ್ಕಳನ್ನೆಲ್ಲ ಒಂದು ಗೀರು ಬೀಳದ ಹಾಗೆ ಮನೆ ಮುಟ್ಟಿಸಿದೀನಿ. ನನ್ನ ಮಗೂನ ನಾನು ಮರೀತೀನಾ?" ಅಂದಳು. ಆಮೇಲೆ ನನ್ನನ್ನೇ ನೋಡಿದಳು.

"ನಿಂಗೂ ಮಗಳಿದಾಳೆ ಅಂದಿದ್ದೆಯಲ್ಲ. ಯಾರ ಹತ್ರ ಬಿಟ್ಟಿದೀಯ?"

"ಅತ್ತೆ ಹತ್ರ."

"ನಿಂಗೆ ಎರಡೂ ಕಡೆ ಕಾಣತ್ತೆ. ಆದ್ರೂ ಬಿಟ್ಟು ಬಂದಿದೀಯಲ್ಲೇ."

ಮಾರ್ಚ್ ೧೬

ಮಗು ಗಂಡನ ಅಕ್ಕನ ಊರಿಗೆ ಹೋಯಿತು. ಬಸ್‌ಸ್ಟ್ಯಾಂಡಿಗೆ ಅವಳು ಹೋಗಲಿಲ್ಲವಂತೆ.

ಮಾರ್ಚ್ ೩೦

ಥೀಸಿಸ್ ಡ್ರಾಫ್ಟ್ ಕೊಟ್ಟೆ. ಡಿಸ್ಚಾರ್ಜ್ ಆದಮೇಲೆ ಎರಡು ವಾರ ವ್ಯಾನಕ್ಕ ಥೆರಪಿಗೆ ಬರಲಿಲ್ಲ. ಇವತ್ತು ಬಂದಳು. ಗೊಂಬೆ ಬಚ್ಚಿಟ್ಟಿದ್ದೆ. "ಅದೆಲ್ಲಿ?" ಅಂತ ಅವಳೇ ಕೇಳಿ ತೆಗೆಸಿದಳು. ಈ ಸಲ ಗುನುಗಲಿಲ್ಲ. ಮಧ್ಯದಲ್ಲಿ ಎದೆಯ ಹತ್ತಿರ ಸೀರೆ ಒದ್ದೆಯಾಯಿತು. ಹಾಲು. ಸೆರಗು ಎಳೆದುಕೊಂಡು ಗೊಂಬೆಯ ಬೆನ್ನು ಉಜ್ಜುತ್ತಾ ಹೋದಳು. ನಾನು ನೀರು ಬದಲಿಸುವ ನೆಪ ಮಾಡಿ ಸಿಂಕಿನ ಕಡೆ ತಿರುಗಿ ನಿಂತೆ.

ಏಪ್ರಿಲ್ ೧೯, ಶುಕ್ರವಾರ

ಪೋಸ್ಟಿಂಗ್ ಮುಗಿಯಿತು. ವೈವಾ ಬುಧವಾರ.

ಕೊನೆಯ ಸೆಷನ್ನಿನಲ್ಲಿ ಗಂಡ ತನ್ನ ಅಕ್ಕನಿಗೆ ವಿಡಿಯೋ ಕಾಲ್ ಹಚ್ಚಿ ಫೋನು ಮೇಜಿನ ಮೇಲೆ ನಿಲ್ಲಿಸಿದ. ಅಕ್ಕನ ಮಡಿಲಲ್ಲಿ ಮಗು, ಆದರೆ ಫೋನಿನ ಎಡ ಮೂಲೆಯಲ್ಲಿ. ವ್ಯಾನಕ್ಕ ಬಲಗಡೆ ಕಂಡ ಕಿಟಕಿಯ ಕರ್ಟನ್ನನ್ನೇ ನೋಡುತ್ತಾ, "ಎಲ್ಲಿದೆ? ಮಲಗಿದೆಯಾ?" ಅಂದಳು. ಆ ಕಡೆಯಿಂದ ಗಂಡನ ಅಕ್ಕ, "ಅಯ್ಯೋ ಇಲ್ಲೇ ಇದೆಯಲ್ಲೇ, ನೋಡು!" ಗಂಡ ಫೋನು ತಿರುಗಿಸಲು ಕೈ ಚಾಚಿದ. ಅವನ ಕೈ ಹಿಡಿದು ನಿಲ್ಲಿಸಿದೆ. ತುಂಬಾ ಹೊತ್ತು. ನನ್ನಂಥ ಕ್ರೂರಿ ಇನ್ನೊಬ್ಬಳಿಲ್ಲ ಅನ್ನಿಸುವಷ್ಟು ಹೊತ್ತು.

ತಿರುಗಿದಳು. ಹೇಳಿಸಿಕೊಳ್ಳದೆ, ಇಂಚು ಇಂಚಾಗಿ. ಸಿಕ್ಕಿತು.

"ದಪ್ಪ ಆಗಿದೆ" ಅಂದಳು. ಅಷ್ಟೇ. ಹೋಗುವಾಗ ನನ್ನ ಕೆನ್ನೆ ಸವರಿದಳು, ಎಡಗೈಯಲ್ಲಿ. "ಆವತ್ತು ಅಂದಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡ. ಪರೀಕ್ಷೆ ಮುಗಿಸಿ ಮನೆಗೆ ಹೋಗು."

ಸಂಜೆ ಮನೆಗೆ ಫೋನ್ ಮಾಡಿದೆ, ಹತ್ತೇ ದಿನ, ಬರುತ್ತೇನೆ ಎಂದು ಹೇಳಲು. ಅತ್ತೆ ಎತ್ತಿದರು. ಅವರು ಹಲೋ ಎನ್ನುವ ಮೊದಲೇ ಹಿಂದಿನಿಂದ ನನ್ನ ಮಗಳ ದನಿ, ಅವರ ಸೆರಗು ಜಗ್ಗುತ್ತಾ ಇರಬೇಕು —

"ಅಮ್ಮಾ, ಯಾರಮ್ಮಾ ಅದು?"

ಅತ್ತೆ ಗಾಬರಿಯಾಗಿ ಫೋನಿಗೆ ಕೈ ಅಡ್ಡ ಹಿಡಿದರು. ಅವಳಿಗೆ ಏನೋ ಹೇಳುತ್ತಿದ್ದರು. ನಾನು ಯಾರು ಅಂತ ಹೇಳಿದರೋ, ಕೇಳಿಸಲಿಲ್ಲ.