ಭಟ್ಟಿಯ ಹಳೆ ಮರಳು

ಹರಿಹರ
14 ನವೆಂಬರ್ 2025, ಶುಕ್ರವಾರ. ಮಂಗಳವಾರದಿಂದ ಅವ್ವ ನನ್ನ ಮನೆಯಲ್ಲಿದ್ದಾಳೆ.

ಪ್ರೀತಿಯ ಶಿವೂ,

ಹೇಗಿದ್ದೀಯ? ನಿನ್ನೆ ಟೀವಿಯಲ್ಲಿ ಸುದ್ದಿ ಓದುವಾಗ ನಿನ್ನ ಗಂಟಲು ಒಡೆದಂತಿತ್ತು. "ಜೀರಿಗೆ ಕಷಾಯ ಕುಡೀ ಅಂತ ಹೇಳವ್ವ" ಎಂದಳು ಅವ್ವ. ಅವಳ ಮಂಡಿನೋವು ಹಾಗೇ ಇದೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವ್ವನ ದಾವಣಗೆರೆಯ ಮನೆಗೆ ಬೀಗ ಹಾಕಿ ಬಂದೆ. ಪಕ್ಕದ ಸಿಕಂದರ್ ಮಾಮನ ಮಂಡಕ್ಕಿ ಭಟ್ಟಿಗೂ ಬೀಗ ಬಿದ್ದಿದೆ, ಅದು ಅಧಿಕಾರಿಗಳು ಹಾಕಿದ್ದು. ಕಳೆದ ತಿಂಗಳು ಭಟ್ಟಿಯ ಮರಳು ಬದಲಿಸಿದ ದಿನ ನಾನು ವಿಡಿಯೊ ತೆಗೆದು ನಿನಗೆ ಕಳಿಸಿದ್ದೆ, ಊರಿನ ನೆನಪಾಗಲಿ ಎಂದಷ್ಟೇ. ಅಕ್ಕಿ ಹುರಿದು ಹುರಿದು ಕಪ್ಪಾದ ಮರಳನ್ನು ಒಲೆ ಹೊತ್ತಿಸುವ ಮೊದಲು, ನಸುಕಿನಲ್ಲೇ, ಚೀಲ ತುಂಬಿ, ಊರಿಗೆ ಕುಡಿಯುವ ನೀರು ತರುವ ನಾಲೆಯ ದಡದ ಗುಂಡಿಗೆ ಸುರಿಯುವುದು ನಾವು ಹುಟ್ಟುವ ಮೊದಲಿನ ಪದ್ಧತಿ. ಆ ಚೀಲಗಳ ಮೇಲೆ ಕುಳಿತು ಆಡಿದವನು ನೀನು. ಭಾನುವಾರ ಸಂಜೆ ಅದೇ ವಿಡಿಯೊ ನಿಮ್ಮ ಚಾನೆಲ್ಲಿನಲ್ಲಿ ಬಂತು. ಗುಂಡಿ ಕಾಣುವ ಭಾಗ ಕತ್ತರಿಸಿಹೋಗಿತ್ತು. ಚೀಲ ಹೊತ್ತವರು, ಆಮೇಲೆ ನೇರ ನಾಲೆಯ ನೀರು. "ಕುಡಿಯುವ ನೀರಿಗೆ ಏನು ಬೆರೆಸುತ್ತಿದ್ದಾರೆ ಇವರು?" ಎಂದು ಕೇಳಿದ್ದು ನಿನ್ನ ಧ್ವನಿ.

ಸೋಮವಾರ ಬೆಳಿಗ್ಗೆ ಮಂತ್ರಿಯ ಹೇಳಿಕೆ, ಮಧ್ಯಾಹ್ನ ಬೀಗ. ಸುದ್ದಿ ನೋಡಿ ಅವ್ವನ ಹತ್ತಿರ ಹೋಗಿದ್ದ ನಾನು, ನೀರು ಪರೀಕ್ಷೆ ಮಾಡಿಸಿದಿರಾ ಎಂದು ಕೇಳಿದೆ. ಬಂದ ಅಧಿಕಾರಿ ಮೆತ್ತಗೆ ಹೇಳಿದರು: "ರಿಪೋರ್ಟ್ ಆಮೇಲೆ ಬರ್ತೈತ್ರೀ ಮೇಡಂ. ಟೀವಿಯಾಗ ಬಂದ ಮ್ಯಾಲೆ ಸುಮ್ನೆ ಕುಂತ್ರೆ ನಾಳೆ ನಮ್ ಫೋಟೊನೇ ಬರ್ತೈತೆ." ಕೆಟ್ಟ ಮನುಷ್ಯರಲ್ಲ. ನನಗೆ ಹೆಚ್ಚು ಭಯವಾದದ್ದು ಅದಕ್ಕೇ. ಸಂಜೆ, ವಾರ್ಡಿನ ಚುನಾವಣೆಗೆ ನಿಲ್ಲುವವರು ಓಣಿಯಲ್ಲಿ ಪರದೆ ಕಟ್ಟಿ ನಿನ್ನನ್ನೇ ಮತ್ತೆ ಮತ್ತೆ ತೋರಿಸಿದರು. ಭಟ್ಟಿಯ ಹೆಂಚಿನ ಮೇಲೆ ಕಲ್ಲು ಬಿದ್ದವು. ಹೊಸ ಮರಳಿನ ಮೊದಲ ಮಂಡಕ್ಕಿಯನ್ನು ಮಾಮ ಮನೆಮನೆಗೆ ಹಂಚಿದಾಗ ಎರಡು ಸೇರು ಕೇಳಿ ಪಡೆದಿದ್ದ ಎದುರುಮನೆಯ ಕೆಂಚವೀರಪ್ಪನವರು, "ನನಗೆ ಮೊದ್ಲೇ ಡೌಟಿತ್ತು ಬಿಡವ್ವ" ಎಂದರು. ಮಾಮ ಮತ್ತು ಅವರ ಹೆಂಡತಿ ಮುಮ್ತಾಜಕ್ಕ ರಾತ್ರೋರಾತ್ರಿ ಹೋಗಿಬಿಟ್ಟಿದ್ದಾರೆ. ಫೋನ್ ಎತ್ತುತ್ತಿಲ್ಲ.

ಅವ್ವನ ಸಂಗತಿ ಇನ್ನೂ ಕಷ್ಟದ್ದು. ಆಯುಷ್ಯವೆಲ್ಲ ಆ ಕಪ್ಪು ಮರಳಿನಲ್ಲೇ ಬಾಣಲೆ ತಿಕ್ಕಿದವಳು ಈಗ ಇಲ್ಲಿಯ ಹೊಳೆ ನೀರನ್ನೂ ಎರಡೆರಡು ಸಲ ಕುದಿಸುತ್ತಾಳೆ. ಅದು ಬರೀ ಮರಳು ಅವ್ವಾ ಎಂದರೆ, "ನಮ್ಮ ಶಿವೂನೇ ಹೇಳ್ಯಾನಲ್ಲ, ನಿನಗೇನು ಅವನಿಗಿಂತ ಜಾಸ್ತಿ ಗೊತ್ತೈತಾ?" ಎನ್ನುತ್ತಾಳೆ. ವಿಡಿಯೊ ಯಾರು ಕತ್ತರಿಸಿದರು, ನಿನಗೆ ಏನೆಂದು ಬರೆದುಕೊಟ್ಟರು ಎಂದು ನಾನು ಕೇಳುವುದಿಲ್ಲ. ನನ್ನಿಂದ ಅದು ಹೋದದ್ದು ನಿನ್ನೊಬ್ಬನಿಗೇ.

ಗಂಟಲು ನೋಡಿಕೋ. ಅವ್ವನ ಆಶೀರ್ವಾದ ನಿನ್ನ ಮೇಲಿದೆ. ನನ್ನದೂ ಇದೆ.

ನಿನ್ನ ಅಕ್ಕ,
ವಾಣಿಶ್ರೀ

ತಾ.ಕ.: ಪೂರ್ತಿ ವಿಡಿಯೊ ನನ್ನ ಫೋನಿನಲ್ಲಿದೆ. ಗುಂಡಿ ಸ್ಪಷ್ಟವಾಗಿ ಕಾಣುತ್ತದೆ. ಕೊನೆಯಲ್ಲಿ ಮಾಮ ಕೈ ಒರೆಸಿಕೊಂಡು ನಗುತ್ತಾ, "ವಾಣಿ, ಶಿವೂಗೆ ತೋರ್ಸಮ್ಮ. ಅವನ ಪಾಲಿನ ಮಂಡಕ್ಕಿ ಎತ್ತಿಟ್ಟೀನಿ ಅಂತ ಹೇಳು" ಎನ್ನುವುದೂ ಇದೆ. ಬರುವ ಗುರುವಾರ ಭಟ್ಟಿಯ ವಿಚಾರಣೆ. ಅಲ್ಲಿ ಅದನ್ನು ತೋರಿಸುತ್ತೇನೆ. ಯಾರಿಗೆ ಕಳಿಸಿದ್ದಿರಿ ಎಂದು ಕೇಳುತ್ತಾರೆ. ನಿನ್ನ ಹೆಸರು ಹೇಳುತ್ತೇನೆ. ಅವ್ವನಿಗೆ ಇನ್ನೂ ತಿಳಿಸಿಲ್ಲ.