ಮೋಡ ದಾಟುವ ಪರವಾನಗಿ

ಕ್ಲಿನಿಕ್ಕಿನ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೊಟ್ಟೆನೋವು ಸ್ವಲ್ಪವಾದರೂ ಹಿಡಿತಕ್ಕೆ ಬಂತೆ? ನಿದ್ದೆ ಬರುತ್ತಿದೆಯೆ? ಭಾವ ಫೋನಿನಲ್ಲಿ "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತಾರೆ. ಅವರ ಪರವಾಗಿಲ್ಲ ನನಗೆ ಗೊತ್ತು, ಮನೆಯ ಮೇಲೆ ಮರ ಬಿದ್ದರೂ ಅದೇ ಮಾತು. ಗೆಡ್ಡೆ ತೆಗೆಸಲು ಡಾಕ್ಟರು ಈ ತಿಂಗಳ ಕೊನೆಯ ಗಡುವು ಕೊಟ್ಟಿದ್ದಾರಂತೆ. ನೀನು ಮಾತ್ರ "ಅಮ್ಮ ಪಕ್ಕದಲ್ಲಿ ಇಲ್ದೆ ನಾನು ಆ ಟೇಬಲ್ ಮೇಲೆ ಮಲಗಲ್ಲ" ಎಂದು ಪಟ್ಟು ಹಿಡಿದಿದ್ದೀಯ. ಅಮ್ಮನಿಗೆ ಹಡಗು ಆಗುವುದಿಲ್ಲ, ಕಳೆದ ಸಲ ವಾಂತಿಯಾಗಿ ಗ್ಲೂಕೋಸ್ ಹಾಕಿಸಬೇಕಾಯಿತು. ನಿಮ್ಮ ದ್ವೀಪದ ಪುಟ್ಟ ರನ್‌ವೇಯಲ್ಲಿ ದೊಡ್ಡ ವಿಮಾನ ಇಳಿಯುವುದಿಲ್ಲ. ಉಳಿದವನು ನಾನೊಬ್ಬ, ಕ್ಲಬ್ಬಿನ ನಾಲ್ಕು ಸೀಟಿನ ವಿಮಾನ ಹಾರಿಸುವ ಹಲ್ಲು ಡಾಕ್ಟರು.

ನನ್ನ ಲೈಸೆನ್ಸು ಹೊರಗಡೆ ಕಣ್ಣಿಗೆ ಚೆನ್ನಾಗಿ ಕಾಣುವಾಗ ಹಾರುವುದಕ್ಕೆ ಮಾತ್ರ. ನಮ್ಮಿಬ್ಬರ ನಡುವಿನ ಸಮುದ್ರದ ಮೇಲೆ ಬೀಡುಬಿಟ್ಟಿರುವ ಆ ಮೋಡ ದಾಟಬೇಕಾದರೆ, ಬರೀ ಉಪಕರಣಗಳನ್ನು ನೋಡಿಕೊಂಡು ಹಾರುವ ಅರ್ಹತೆ ಬೇಕು. ಅದಕ್ಕಾಗಿ ಮೂರು ವರ್ಷದಿಂದ ಒದ್ದಾಡುತ್ತಿದ್ದೇನೆ. ಲಿಖಿತ ಪರೀಕ್ಷೆ ವರ್ಷಕ್ಕೆ ಎರಡೇ ಸಲ, ಅದೂ ರಾಜಧಾನಿಯಲ್ಲಿ. ಪ್ರಶ್ನೆಗಳೋ, ಮುನ್ನೂರು ಜನರನ್ನು ಹೊತ್ತೊಯ್ಯುವವರಿಗೆ ಕೇಳುವಂಥವು. ನಮ್ಮ ವಿಮಾನದಲ್ಲಿ ಕಾಲು ಚಾಚಲು ಜಾಗವಿಲ್ಲ, ನನಗೆ ಜೆಟ್ ಎಂಜಿನ್ನಿನ ಉಸಾಬರಿ. ಆದರೂ ಕ್ಲಿನಿಕ್ಕಿಗೆ ಬೀಗ ಹಾಕಿ ಓದಿದೆ, ಪಾಸೂ ಆದೆ. ಅಷ್ಟರಲ್ಲಿ ಕಲಿಸುವ ಮೇಷ್ಟ್ರು ದೊಡ್ಡ ಕಂಪನಿಗೆ ಹೋದರು. ಇನ್ನೊಬ್ಬರು ಸಿಕ್ಕಿದರು ಎನ್ನುವಾಗ ಉಪಕರಣ ಸರಿಯಿದ್ದ ಒಂದೇ ಒಂದು ವಿಮಾನ ಶೆಡ್ಡು ಸೇರಿ, ಯಾವುದೋ ಬಿಡಿಭಾಗಕ್ಕಾಗಿ ಎಂಟು ತಿಂಗಳು ಕಾದು ನಿಂತಿತು.

ಅದು ರಿಪೇರಿಯಾದ ಮೇಲೆ ನಾನೇ ಕೆಲಸ ಕೆಡಿಸಿಕೊಂಡೆ. ಕಲಿಯುವಾಗ ಕಿಟಕಿಯಾಚೆ ಕಾಣದಂತೆ ತಲೆಗೆ ಒಂದು ಮುಚ್ಚು ಟೋಪಿ ಹಾಕುತ್ತಾರೆ. ಮೂಗಿನ ಪಕ್ಕದ ಸಂದಿಯಿಂದ ನಾನು ಕದ್ದು ಹೊರಗೆ ನೋಡುತ್ತಿದ್ದೆ. ಹೀಗೆ ಒಟ್ಟು ಹನ್ನೊಂದು ಗಂಟೆಗಳ ಹಾರಾಟ, ಹೊಸ ಮೇಷ್ಟ್ರಿಂದ ಬರೀ ಹೊಗಳಿಕೆ. ಆಮೇಲೆ ಒಂದು ದಿನ ಅವರು ಸುಮ್ಮನೆ ಆ ಸಂದಿಗೆ ಹತ್ತಿ ತುರುಕಿದರು. ಎರಡು ನಿಮಿಷಕ್ಕೆ ವಿಮಾನ ವಾಲಿತು. "ಮೋಸ ನನಗಲ್ಲ ಡಾಕ್ಟ್ರೇ, ನಿಮಗೇ ಮಾಡ್ಕೊಂಡ್ರಿ" ಎಂದು ಹಾರಾಟದ ಲೆಕ್ಕದ ಪುಸ್ತಕದಲ್ಲಿ ಆ ಹನ್ನೊಂದು ಗಂಟೆಗಳಿಗೂ ಅಡ್ಡಗೀಟು ಎಳೆದರು. ಮತ್ತೆ ಮೊದಲಿನಿಂದ ಹಾರಿ ಮುಗಿಸುವಷ್ಟರಲ್ಲಿ ನಾನು ಪಾಸಾಗಿದ್ದ ಪರೀಕ್ಷೆಯ ಮಾನ್ಯತೆಯ ಅವಧಿಯೇ ತೀರಿಹೋಗಿತ್ತು. ಹೋದ ವಾರ ಲೈಸೆನ್ಸು ಕಚೇರಿಯ ಗುಮಾಸ್ತರು ನನ್ನ ಮುಖವನ್ನೂ ನೋಡದೆ "ಇದು ಹಳೇದಾಯ್ತು ಸಾರ್, ಇನ್ನೊಂದ್ಸಲ ಬರೀರಿ" ಎಂದರು. ಇನ್ನೊಂದು ಸಲ ಎಂದರೆ ಐದು ತಿಂಗಳಿಗೆ. ಐವತ್ತೆರಡು ವರ್ಷದವನು ಕೌಂಟರಿನ ಮುಂದೆ ನಿಂತು ಅತ್ತುಬಿಟ್ಟೆ ಅಕ್ಕಾ.

ಅಮ್ಮ ಆರೋಗ್ಯವಾಗಿದ್ದಾಳೆ. ಅವಳ ಬ್ಯಾಗು ಬಾಗಿಲ ಬಳಿಯೇ ಇದೆ. ದಿನಾ ಬೆಳಿಗ್ಗೆ ಪರದೆ ಸರಿಸಿ "ಇವತ್ತು ತಿಳಿಯಾಗಿದೆ ಅಲ್ವೇನೋ?" ಎಂದು ಕೇಳುತ್ತಾಳೆ. ನಾನು ಬಗ್ಗಿ, ಕಟ್ಟಿದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತೇನೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಈ ಮಾವನ ಮುತ್ತು. ಮಾತ್ರೆ ತಪ್ಪಿಸಬೇಡ, ನಿನ್ನ ಹಟ ನನಗೆ ಗೊತ್ತಿದೆ.

ನಿನ್ನ ತಮ್ಮ

ತಾ.ಕ.: ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕೂರುತ್ತಾಳೆ, ಅದಕ್ಕೇ ಕಾಗದ. ಹೋದ ಭಾನುವಾರ ಅವಳನ್ನು ಕೂರಿಸಿಕೊಂಡು ಹೊರಟೇಬಿಟ್ಟಿದ್ದೆ. ಮೋಡ ತೆಳುವಾಗಿದೆ, ಐದು ನಿಮಿಷದ ಮಾತು ಎಂದುಕೊಂಡು ಒಳಹೊಕ್ಕೆ. ನೇರವಾಗಿದ್ದೇವೆ ಎಂದು ಮೈ ಹೇಳುತ್ತಿತ್ತು, ವಾಲಿದ್ದೇವೆ ಎಂದು ಉಪಕರಣದ ಮುಳ್ಳು ತೋರಿಸುತ್ತಿತ್ತು. ನಾನು ಮೈಯನ್ನು ನಂಬಿದೆ. ಹೊರಬಿದ್ದಾಗ ಪಕ್ಕದ ಕಿಟಕಿಯ ತುಂಬಾ ಸಮುದ್ರ. ಅಮ್ಮ ಅದನ್ನು ನೋಡಿ "ಬಂತೇನೋ ಅಕ್ಕನ ಊರು?" ಎಂದಳು. ಹೇಗೋ ಸರಿಮಾಡಿ ಹಿಂದಕ್ಕೆ ತಿರುಗಿಸಿದೆ. "ನಿನ್ನ ಬಿ.ಪಿ. ಮಾತ್ರೆ ಮನೆಯಲ್ಲೇ ಉಳಿಯಿತಮ್ಮ" ಎಂದು ಅವಳಿಗೆ ಸುಳ್ಳು ಹೇಳಿದೆ. ದಾರಿಯುದ್ದಕ್ಕೂ ಪಾಪ ತನ್ನ ಮರೆವನ್ನೇ ಬೈದುಕೊಂಡಳು. ನಾನು ಅವಳನ್ನು ಕರೆತರಲಾರೆ ಅಕ್ಕಾ. ಕಾಯಬೇಡ, ಆಪರೇಷನ್ನಿಗೆ ಸಹಿ ಹಾಕು.