ಹವಳಕ್ಕೆ ಬಣ್ಣ ಬರುವವರೆಗೆ

ಮಾರ್ಚ್ 4, ಬೆಳಗ್ಗೆ 6.20

ಮೀನಿನ ಟ್ಯಾಂಕಿನ ನೀರಲ್ಲಿ ನೈಟ್ರೇಟ್ ಹೊಲಸು ನಲವತ್ತು. ಮೊನ್ನೆ ಇಪ್ಪತ್ತಿತ್ತು. ನಿನ್ನೆಯಷ್ಟೇ ಮೂರು ಬಕೆಟ್ ನೀರು ತೆಗೆದು ಹೊಸ ಉಪ್ಪುನೀರು ಹಾಕಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಗಾಜಿಗೆ ಮತ್ತೆ ಪಾಚಿ. ಎಡಗಡೆಯ ಹಸಿರು ಹವಳ ತುದಿಯಿಂದ ಬಿಳಚಿಕೊಳ್ಳುತ್ತಿದೆ.

ಟ್ಯಾಂಕ್ ಪಕ್ಕದ ಚಾರ್ಟಿನಲ್ಲಿ ಬರೆದೆ. ಭಾವ ಇದ್ದಾಗ ಶುರು ಮಾಡಿದ ಚಾರ್ಟ್. ಅಕ್ಕ ಹೊಲಿಗೆ ಮೆಷಿನ್ನಿನಿಂದ ಎದ್ದು ಬಂದು ಕನ್ನಡಕ ಏರಿಸಿ ನೋಡಿದಳು.

“ಜಾಸ್ತಿ ಆಯ್ತೇನೋ?”

“ಹೂಂ.”

“ಪಾಪ, ನಿಂಗೆ ಎಷ್ಟು ಕಷ್ಟ.”

ಹೋಗಿ ಮತ್ತೆ ಹೊಲಿಯಲು ಕೂತಳು. ಗುನುಗುತ್ತಿದ್ದಳು.

ಮಾರ್ಚ್ 5

ಹೆಂಡತಿಯ ಫೋನ್. ಅಲ್ಲಿನ ಮನೆಗೆ ಕರ್ಟನ್ ಹಾಕಿದ್ದಾಳಂತೆ. ಮದುವೆಯಾಗಿ ಎಂಟು ತಿಂಗಳು. ಇವಳಿಗೆ ಆ ಊರಲ್ಲಿ ಕೆಲಸ ಸಿಕ್ಕಿ ಹೋಗಿ ಮೂರು.

“ಒಂದನೇ ತಾರೀಖು ಇಲ್ಲಿ ಹಲ್ಲಿನ ಲ್ಯಾಬ್‌ಗೆ ಸೇರ್ಬೇಕು ನೀನು. ಮೀನುಗಳ ಹತ್ರ ರಜಾ ಕೇಳಿದ್ಯಾ?”

ತಮಾಷೆಯ ಮಾತು. ಇಬ್ಬರೂ ನಗಲಿಲ್ಲ.

ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ಭಾವ ಹೋದ ಮೇಲೆ ಅವಳಿಗೆ ಉಳಿದದ್ದು ಈ ಟ್ಯಾಂಕ್, ಮತ್ತು ನಾನು. “ನಂಗೆ ಇದೆಲ್ಲ ಬರಲ್ಲ ಕಣೋ. ಹವಳಕ್ಕೆ ಬಣ್ಣ ಬರ್ಲಿ, ಆಮೇಲೆ ಹೋಗು.” ಅಮ್ಮನಿಲ್ಲದ ನನ್ನನ್ನು ಸಾಕಿದವಳು. ಹೂಂ ಎಂದುಬಿಟ್ಟೆ. ಒಂದು ತಿಂಗಳ ಕೆಲಸ ಅಂದುಕೊಂಡಿದ್ದೆ.

ಮಾರ್ಚ್ 9

ಅಕ್ವೇರಿಯಂ ಅಂಗಡಿಯವನ ಹತ್ತಿರ ಹೋಗಿದ್ದೆ.

“ಫೀಡ್ ಎಷ್ಟು ಹಾಕ್ತೀರ?”

“ಎರಡು ದಿನಕ್ಕೊಮ್ಮೆ. ಒಂದು ಚಿಟಿಕೆ.”

“ನನ್ ಹತ್ರ ಯಾಕೆ ಸಾರ್ ಸುಳ್ಳು?”

ಮೈ ಉರಿಯಿತು. ಹನ್ನೊಂದು ವರ್ಷದಿಂದ ಹಲ್ಲಿನ ಸೆಟ್ ಮಾಡುವವನು ನಾನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಣ್ಣಿಗೆ ಬೀಳುತ್ತದೆ. ನನಗೇ ಪಾಠ!

ಆಮೇಲೆ ಅವನು ಹೇಳಿದ್ದು ಮಾತ್ರ ನಾಟಿತು. “ಎಲ್ಲಿಂದಲೋ ಹೊಲಸು ಸೇರ್ತಿದೆ. ನೀವು ಬಕೆಟ್‌ಗಟ್ಟಲೆ ನೀರು ಬದಲಿಸ್ತೀರ. ಏರುತ್ತೆ, ಇಳಿಯುತ್ತೆ, ಏರುತ್ತೆ. ಆ ಏರಿಳಿತಕ್ಕೇ ಹವಳ ಬಿಳಚೋದು.” ಮನೆಗೆ ಬಂದು ಅಕ್ಕನಿಗೂ ಹೇಳಿದೆ. ತಲೆಯಾಡಿಸಿದಳು.

ಮಾರ್ಚ್ 16

ಲೈಟ್ ಕಡಿಮೆ ಮಾಡಿದೆ. ಫಿಲ್ಟರ್ ಬಿಚ್ಚಿ ತೊಳೆದೆ. ಸ್ಪಂಜ್ ಹೊಸದು. ಉಪ್ಪು ಬೆರೆಸುವ ನೀರನ್ನೂ ಟೆಸ್ಟ್ ಮಾಡಿದೆ — ಸೊನ್ನೆ. ಟ್ಯಾಂಕ್‌ನದು ಎಂಬತ್ತು.

ಇವಳ ಮೆಸೇಜ್: ಬರ್ತೀಯೋ ಇಲ್ವೋ, ಅಷ್ಟು ಹೇಳು.

ಮಾರ್ಚ್ 21, ಮಧ್ಯಾಹ್ನ 1.40

ಬಸ್ ಸ್ಟಾಪಿನಲ್ಲಿ ಕೂತು ಬರೆಯುತ್ತಿದ್ದೇನೆ.

ಕರೆಂಟ್ ಹೋಗಿ ಲ್ಯಾಬ್ ಬೇಗ ಮುಚ್ಚಿದರು. ಮನೆ ಬಾಗಿಲು ಓರೆಯಾಗಿತ್ತು. ಮೆಷಿನ್ ಸದ್ದಿಲ್ಲ. ಅಕ್ಕ ಸ್ಟೂಲ್ ಮೇಲೆ ನಿಂತಿದ್ದಳು, ಕೈಯಲ್ಲಿ ಸ್ಟೀಲ್ ಡಬ್ಬಿ. ಸೀಗಡಿ ಚೂರು. ಚಮಚದಲ್ಲಿ ಬಂಡೆಯ ಹಿಂದಕ್ಕೆ ಹಾಕುತ್ತಿದ್ದಳು — ಮೀನಿನ ಬಾಯಿಗೆ ಸಿಗದೆ ಕೊಳೆಯುವ ಜಾಗಕ್ಕೆ. ಆಮೇಲೆ ಚಾರ್ಟಿನ ಎಂಬತ್ತರ ಮೇಲೆ ಬೆರಳಿಟ್ಟು ನೋಡಿದಳು.

ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಬಂದೆ. ಕಳ್ಳ ನಾನೇ ಅನ್ನುವ ಹಾಗೆ.

ಸಿಟ್ಟು ಬರುತ್ತಿದೆ. ಅಯ್ಯೋ ಅಂತಲೂ ಅನಿಸುತ್ತಿದೆ. ಕೇಳಿದರೆ ನಾಚಿಕೆಯಿಂದ ಸತ್ತೇ ಹೋಗುತ್ತಾಳೆ. ಕೇಳದಿದ್ದರೆ ನಾನು ಇಲ್ಲೇ ಮುದುಕನಾಗುತ್ತೇನೆ. ಅತ್ತ ದರಿ, ಇತ್ತ ಪುಲಿ.

ಮಾರ್ಚ್ 24

ಬಂಡೆಯ ಹಿಂದಿನ ಕೊಳೆಯನ್ನು ಪೈಪಿನಲ್ಲಿ ಎಳೆದು ತೆಗೆದಿದ್ದೆ. ಇವತ್ತು ಮತ್ತೆ ಬಿಳಿ ಚೂರು.

ಉಪಾಯ ಹೊಳೆದಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಚಾರ್ಟ್ ಬರೆಯುವವನು ನಾನು ತಾನೆ? ಬರೆದೆ: ನಲವತ್ತು.

ಮಾರ್ಚ್ 28

ಚಾರ್ಟಿನಲ್ಲಿ ಹತ್ತು. ಟೆಸ್ಟ್ ಟ್ಯೂಬಿನಲ್ಲಿ ಎಂಬತ್ತಕ್ಕೂ ಮೇಲೆ. ಅಕ್ಕ ದಿನವೂ ನೋಡುತ್ತಾಳೆ, ತುಟಿ ಬಿಚ್ಚುವುದಿಲ್ಲ. ಹೇಗೆ ಬಿಚ್ಚಿಯಾಳು! ಸುಳ್ಳು ಎಂದರೆ ಡಬ್ಬಿಯ ವಿಷಯ ಹೊರಗೆ ಬರುತ್ತದೆ. ಒಬ್ಬನೇ ನಕ್ಕೆ.

ಇವಳಿಗೆ ಟಿಕೆಟ್ ಫೋಟೋ ಕಳಿಸಿದೆ. ಬಹಳ ದಿನಕ್ಕೆ ನಗುವ ಮುಖವೊಂದು ಬಂತು.

ಮಾರ್ಚ್ 30, ಸಂಜೆ

“ಐದು. ಸರಿಹೋಯ್ತು ಅಕ್ಕ. ನಾಳೆ ಬೆಳಗ್ಗೆ ಹೊರಡ್ತೀನಿ.”

ಅಕ್ಕ ಹವಳ ನೋಡಿದಳು. ಸುಣ್ಣದ ಹಾಗಿದೆ. ನನ್ನನ್ನು ನೋಡಿದಳು.

“ನನ್ನೆದುರಿಗೆ ಒಂದ್ಸಲ ಟೆಸ್ಟ್ ಮಾಡೋ.”

ಹನಿ ಹಾಕಿದೆ. ಅಲುಗಿಸಿದೆ. ಐದು ನಿಮಿಷ ಇಬ್ಬರೂ ಗಡಿಯಾರ ನೋಡುತ್ತ ಕೂತೆವು. ಟ್ಯೂಬ್ ಕಡುಗೆಂಪಾಯಿತು. ಹೋಲಿಸಿ ನೋಡುವ ಬಣ್ಣದ ಕಾರ್ಡಿನಲ್ಲಿ ಐದಕ್ಕಿರುವುದು ತಿಳಿ ಬಣ್ಣ, ಕಣ್ಣಿರುವ ಯಾರಿಗೂ ಕಾಣುತ್ತದೆ.

“ಎಷ್ಟು?”

“ಐದು.”

“ಐದೇನಾ?”

“ಐದೇ.”

“ಸರಿ ಬಿಡು. ನೀನು ಹೇಳಿದ್ಮೇಲೆ ಮುಗೀತು.”

ಒಳಗೆ ಹೋದಳು. ಸೂಟ್‌ಕೇಸ್ ತರಲು ಹೋದಳು ಅಂದುಕೊಂಡೆ. ತಂದದ್ದು ಸ್ಟೀಲ್ ಡಬ್ಬಿ.

“ನೀರು ಸರಿಯಾಗಿದೆಯಲ್ಲ. ಇವತ್ತು ಸ್ವಲ್ಪ ಜಾಸ್ತಿ ಹಾಕ್ಲಾ? ಪಾಪ, ಹಸಿದಿರ್ತವೆ.”

ನನ್ನನ್ನೇ ನೋಡುತ್ತ ಹಾಕಿದಳು. ಒಂದು ಚಮಚ. ಎರಡು. ಬೇಡ ಅನ್ನಬೇಕಿತ್ತು... ಯಾವ ಬಾಯಲ್ಲಿ? ಐದು ಎಂದವನು ನಾನೇ. ಮೂರು. ನಾಲ್ಕು. ಆಮೇಲೆ ಡಬ್ಬಿಯನ್ನೇ ಬೋರಲು ಹಾಕಿದಳು. ನೀರು ಮಬ್ಬಾಯಿತು.

ಬಕೆಟ್ ತಂದೆ. ಪೈಪ್ ಇಳಿಬಿಟ್ಟೆ. ಅಕ್ಕ ಉಪ್ಪಿನ ಚೀಲ ಬಿಚ್ಚುತ್ತ ಮೆಲ್ಲಗೆ ಹೇಳಿದಳು, “ಒಂದೇ ಸಲಕ್ಕೆ ಅಷ್ಟೊಂದು ತೆಗೀಬೇಡ್ವೋ. ಏರಿಳಿತ ಆಗುತ್ತೆ ಅಂದಿದ್ಯಲ್ಲ.”

ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ.

ಮಾರ್ಚ್ 31, ಬೆಳಗ್ಗೆ 6.50

ಬಸ್ ಏಳೂಕಾಲಿಗೆ. ಸೂಟ್‌ಕೇಸ್ ಬಾಗಿಲ ಹತ್ತಿರವಿದೆ. ಇವಳ ಎರಡು ಮಿಸ್ಡ್ ಕಾಲ್. ಟ್ಯೂಬಿಗೆ ಹನಿ ಹಾಕಿ ಮೂರು ನಿಮಿಷವಾಯಿತು, ಇನ್ನೆರಡು. ನೈಟ್ರೇಟ್ —